ಟಾಪ್ ಗನ್: ಒಂದು ವಿಮಾನ, ಎರಡು ಚಿತ್ರ, ಮೂವತ್ತಾರು ವರ್ಷ

‘ಟಾಪ್ ಗನ್’ ಚಿತ್ರವನ್ನು ನಾವು ಮೊದಲು ಕಂಡದ್ದು 1987ರಲ್ಲಿ, ಚಿತ್ರಮಂದಿರದಲ್ಲಲ್ಲ, ಮಾಟುಂಗಾದ ಮಿತ್ರರೊಬ್ಬರ ನಡುಮನೆಯಲ್ಲಿ. ವಿಡಿಯೋ ಯಂತ್ರವನ್ನೂ ಬಣ್ಣದ ಟಿ.ವಿ.ಯನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುತ್ತಿದ್ದ ದಿನಗಳನ್ನು ಹಳೆಯ ಓದುಗರು ಮರೆತಿರಲಾರರು. ಬಾಡಿಗೆ ದಕ್ಕಬೇಕೆಂದರೆ ಬೆಳಗಾಗುವುದರೊಳಗೆ ಮೂರು ಚಿತ್ರಗಳನ್ನಾದರೂ ಮುಗಿಸಬೇಕು. ಹದಿನೆಂಟು ಮಂದಿ ಚಾಪೆಯ ಮೇಲೆ ಕುಳಿತಿದ್ದೆವು. ಕ್ಯಾಸೆಟ್ಟು ಎಷ್ಟನೆಯ ನಕಲೋ, ಆಕಾಶ ಹಸಿರಾಗಿ ಕಾಣುತ್ತಿತ್ತು. ಆದರೂ ಹಡಗಿನ ಮೇಲಿಂದ ಆ ಎಫ್-14 ವಿಮಾನ ಬೆಂಕಿ ಕಾರುತ್ತ ಹಾರಿದಾಗ ಯಾರೂ ಉಸಿರೆತ್ತಲಿಲ್ಲ. ನಮ್ಮ ತಂಗಿಯ ಮಗನಿಗೆ ಆಗ ಆರು ವರ್ಷ. ಅವನ ಹಟಕ್ಕೆ ಆ ಭಾಗವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದ್ದಾಯಿತು.

2022ರ ಜೂನ್‌ನಲ್ಲಿ ಅದೇ ಹುಡುಗ, ಈಗ ಎರಡು ಮಕ್ಕಳ ತಂದೆ, ನಮ್ಮನ್ನು ಮುಲುಂಡಿನ ಮಾಲ್ ಒಂದಕ್ಕೆ ಕರೆದುಕೊಂಡು ಹೋಗಿ ಎರಡನೆಯ ಭಾಗವನ್ನು ತೋರಿಸಿದ. ‘ಟಾಪ್ ಗನ್: ಮ್ಯಾವರಿಕ್’ ಎಂದು ಹೆಸರು. ಮೂವತ್ತಾರು ವರ್ಷ ತಡವಾಗಿ ಬಂದ ಚಿತ್ರದ ಬಗ್ಗೆ ನಾವು ಇನ್ನೂ ಕೆಲವು ವರ್ಷ ತಡವಾಗಿ ಬರೆದರೆ ಓದುಗರು ಕ್ಷಮಿಸುವರೆಂದು ನಂಬಿದ್ದೇವೆ. ಆಗಲೇ ಬರೆದಿದ್ದರೆ ಅದು ಬರಿಯ ಚಿತ್ರವಿಮರ್ಶೆಯಾಗುತ್ತಿತ್ತು. ಈ ಎರಡು ಚಿತ್ರಗಳ ನಡುವೆ ಏನೇನು ನಡೆಯಿತೆಂಬುದು ಚಿತ್ರಗಳಿಗಿಂತ ದೊಡ್ಡ ಕಥೆ.

ಮೊದಲು ಆ ಶಾಲೆಯ ವಿಷಯ. ಟಾಪ್ ಗನ್ ಎಂಬುದು ಚಿತ್ರಕ್ಕಾಗಿ ಕಟ್ಟಿದ ಹೆಸರಲ್ಲ. ವಿಯೆಟ್ನಾಂ ಯುದ್ಧದ ಮೊದಲ ಮೂರು ವರ್ಷಗಳಲ್ಲಿ ಅಮೆರಿಕದ ನೌಕಾಪಡೆಗೆ ಒಂದು ದೊಡ್ಡ ಮುಖಭಂಗವಾಯಿತು. ಕೊರಿಯಾ ಯುದ್ಧದಲ್ಲಿ ತಮ್ಮ ಒಂದು ವಿಮಾನಕ್ಕೆ ಶತ್ರುವಿನ ಹತ್ತನ್ನು ಉರುಳಿಸಿದೆವೆಂದು ಹೇಳಿಕೊಳ್ಳುತ್ತಿದ್ದವರು ಇಲ್ಲಿ ಒಂದಕ್ಕೆ ಎರಡು, ಎರಡೂವರೆಗೆ ಇಳಿದಿದ್ದರು. ಕಾರಣ ಸ್ಪಷ್ಟವಿತ್ತು. ಇನ್ನು ಮುಂದೆ ಯುದ್ಧವೆಲ್ಲ ಕ್ಷಿಪಣಿಗಳದ್ದೇ, ಹತ್ತಿರ ಬಂದು ಸುತ್ತುಹಾಕಿ ಹೊಡೆದಾಡುವ ಕಾಲ ಮುಗಿಯಿತೆಂದು ತಜ್ಞರು ತೀರ್ಮಾನಿಸಿದ್ದರು. ನೌಕಾಪಡೆಯ ಫ್ಯಾಂಟಮ್ ವಿಮಾನಕ್ಕೆ ತೋಪನ್ನೇ ಇಟ್ಟಿರಲಿಲ್ಲ. ಹಾರಿಸಿದ ಕ್ಷಿಪಣಿಗಳಲ್ಲಿ ಹತ್ತಕ್ಕೆ ಒಂದು ಗುರಿ ಮುಟ್ಟಿದರೆ ಪುಣ್ಯ. ವೈಮಾನಿಕರಿಗೆ ಹಳೆಯ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಕ್ಯಾಪ್ಟನ್ ಫ್ರ್ಯಾಂಕ್ ಆಲ್ಟ್ ಎಂಬ ಅಧಿಕಾರಿ 1968ರಲ್ಲಿ ಇದನ್ನೆಲ್ಲ ಪರಿಶೀಲಿಸಿ 242 ಶಿಫಾರಸುಗಳ ವರದಿ ಕೊಟ್ಟರು. ಅದರಲ್ಲೊಂದು, ವಾಯುಕದನವನ್ನು ಕಲಿಸುವ ಉನ್ನತ ಶಾಲೆಯೊಂದು ಬೇಕೆಂಬುದು. ಹಾಗೆ 1969ರ ಮಾರ್ಚ್ 3ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿಯ ಮಿರಮಾರ್ ನೆಲೆಯಲ್ಲಿ ಶಾಲೆ ಆರಂಭವಾಯಿತು. ಡ್ಯಾನ್ ಪೆಡರ್ಸನ್ ಎಂಬ ಅಧಿಕಾರಿ ಅದರ ಮೊದಲ ಮುಖ್ಯಸ್ಥರು. ಕಟ್ಟಡ ಸಹ ಇಲ್ಲದೆ, ಎಲ್ಲಿಂದಲೋ ಎಳೆದು ತಂದ ಹಳೆಯ ಟ್ರೇಲರ್ ಒಂದರಲ್ಲಿ ಪಾಠ ನಡೆಯಿತು. 1972ರಲ್ಲಿ ವಿಮಾನಕಾಳಗ ಮತ್ತೆ ಶುರುವಾದಾಗ ನೌಕಾಪಡೆಯ ಲೆಕ್ಕ ಒಂದಕ್ಕೆ ಹನ್ನೆರಡರ ಆಸುಪಾಸಿಗೆ ಏರಿತು.

ಆ 1972ರ ವೀರರಲ್ಲಿ ರ‍್ಯಾಂಡಿ ಕನಿಂಗ್‌ಹ್ಯಾಮ್ ಎಂಬಾತ ಮುಂದೆ ಅದೇ ಶಾಲೆಯಲ್ಲಿ ಪಾಠ ಹೇಳಿದ, ರಾಜಕೀಯಕ್ಕಿಳಿದ, ಚಿತ್ರದ ನಾಯಕ ತಾನೇ ಎಂದು ಹೇಳಿಕೊಂಡು ತಿರುಗಿದ. 2005ರಲ್ಲಿ ಲಂಚ ತಿಂದದ್ದನ್ನು ಒಪ್ಪಿಕೊಂಡು ಎಂಟು ವರ್ಷಕ್ಕೂ ಮೀರಿದ ಸಜೆಗೆ ಗುರಿಯಾದ. ಚಿತ್ರದ ನಾಯಕರು ಪರದೆಯ ಮೇಲೆಯೇ ಉಳಿದುಬಿಟ್ಟರೆ ಕ್ಷೇಮ.

1983ರ ಮೇ ತಿಂಗಳ ‘ಕ್ಯಾಲಿಫೋರ್ನಿಯಾ’ ಪತ್ರಿಕೆಯಲ್ಲಿ ಎಹೂದ್ ಯೋನೇ ಎಂಬ ಲೇಖಕರು ಈ ಶಾಲೆಯ ಬಗ್ಗೆ ಒಂದು ಲೇಖನ ಬರೆದರು. ಹಾಲಿವುಡ್ಡಿನ ಡಾನ್ ಸಿಂಪ್ಸನ್ ಮತ್ತು ಜೆರ‍್ರಿ ಬ್ರಕ್‌ಹೈಮರ್ ಎಂಬ ಜೋಡಿ ನಿರ್ಮಾಪಕರ ಕಣ್ಣು ಅದರ ಮೇಲೆ ಬಿತ್ತು. ಒಂದು ಮಾಸಪತ್ರಿಕೆಯ ಲೇಖನದಿಂದ ಇಷ್ಟೆಲ್ಲ ಹುಟ್ಟಿತೆಂದರೆ, ಮಾಸಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಸ್ವಲ್ಪ ಎದೆಯುಬ್ಬದಿರದು. (ಯೋನೇ ಅವರ ವಾರಸುದಾರರು 2022ರಲ್ಲಿ ಎರಡನೆಯ ಚಿತ್ರದ ಮೇಲೆ ದಾವೆ ಹೂಡಿದರು. ನಡೆದ ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲವೆಂಬ ತರ್ಕದಿಂದ 2024ರಲ್ಲಿ ನ್ಯಾಯಾಲಯ ಚಿತ್ರಸಂಸ್ಥೆಯ ಪರವಾಗಿ ತೀರ್ಪಿತ್ತಿತು.)

ವಿಮಾನಗಳೂ ಹಡಗೂ ನೌಕಾಪಡೆಯವು. ಅವನ್ನು ಕೊಟ್ಟದ್ದು ಪುಕ್ಕಟೆಯಲ್ಲ. ಎಫ್-14 ಹಾರಾಟಕ್ಕೆ ಗಂಟೆಗೆ 7,800 ಡಾಲರುಗಳವರೆಗೆ ಬಾಡಿಗೆ. ಹಣಕ್ಕಿಂತ ಹೆಚ್ಚಿನ ಬಾಡಿಗೆಯೊಂದಿತ್ತು: ಕಥೆಯನ್ನು ನೌಕಾಪಡೆ ಓದಿ ಒಪ್ಪಬೇಕು. ನಾಯಕನ ಜೊತೆಗಾರ ಸಾಯುವ ಪ್ರಸಂಗದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆಯುವಂತೆ ಮೊದಲು ಬರೆದಿತ್ತು. ನೌಕಾಪಡೆ ಅಡ್ಡಿ ಹೇಳಿದ ಮೇಲೆ ಅದು ಬದಲಾಯಿತು. ನಾಯಕಿ ಪಡೆಯ ಸಿಬ್ಬಂದಿಯಾಗಿದ್ದರೆ ಅಧಿಕಾರಿಯೊಡನೆ ಪ್ರೇಮ ನಿಯಮಬಾಹಿರವಾಗುತ್ತದೆಂದು ಅವಳನ್ನು ಹೊರಗಿನ ತಜ್ಞೆಯಾಗಿಸಿದರು. ಆ ಪಾತ್ರಕ್ಕೆ ಮಾದರಿಯಾದವರು ಕ್ರಿಸ್ಟೀನ್ ಫಾಕ್ಸ್ ಎಂಬ ಗಣಿತಜ್ಞೆ. 2013ರ ಕೊನೆಯಲ್ಲಿ ಅವರು ಅಮೆರಿಕದ ಹಂಗಾಮಿ ರಕ್ಷಣಾ ಉಪಕಾರ್ಯದರ್ಶಿಯೇ ಆದರು. ಚಿತ್ರದಲ್ಲಿ ಅವರ ಪಾತ್ರಕ್ಕೆ ದಕ್ಕಿದ್ದು ಮೋಟಾರು ಸೈಕಲ್ಲಿನ ಹಿಂದಿನ ಸೀಟು.

ನಿರ್ದೇಶಕ ಟೋನಿ ಸ್ಕಾಟ್ ಜಾಹೀರಾತು ಚಿತ್ರಗಳಿಂದ ಬಂದವರು. ಬೆಳಕಿನ ಹುಚ್ಚು ಅವರಿಗೆ. ಹಡಗು ದಿಕ್ಕು ಬದಲಿಸಿದ್ದರಿಂದ ಸಂಜೆಯ ಬಿಸಿಲು ತಪ್ಪಿತೆಂದು, ಹಡಗನ್ನು ಹಿಂದಿನ ದಿಕ್ಕಿಗೇ ತಿರುಗಿಸಲು ಅಲ್ಲೇ ನಿಂತು 25,000 ಡಾಲರಿನ ಚೆಕ್ ಬರೆದುಕೊಟ್ಟರೆಂಬ ಪ್ರಸಂಗವನ್ನು ಅವರೇ ಹೇಳುತ್ತಿದ್ದರು. ಹಾಸ್ಯಕ್ಕೆ ಇದು ಚೆನ್ನ. ಆದರೆ 1985ರ ಸೆಪ್ಟೆಂಬರಿನಲ್ಲಿ ಆರ್ಟ್ ಶೋಲ್ ಎಂಬ ಹೆಸರಾಂತ ಸಾಹಸ ವೈಮಾನಿಕರು, ಕ್ಯಾಮರಾ ಕಟ್ಟಿದ ತಮ್ಮ ಪುಟ್ಟ ವಿಮಾನದಲ್ಲಿ ಗಿರಕಿ ಹೊಡೆಯುವ ದೃಶ್ಯವನ್ನು ತೆಗೆಯುತ್ತಿದ್ದಾಗ, ಆ ಗಿರಕಿಯಿಂದ ಹೊರಬರಲಾಗದೆ ಪೆಸಿಫಿಕ್ ಸಮುದ್ರಕ್ಕೆ ಬಿದ್ದರು. ಅವರೂ ಸಿಗಲಿಲ್ಲ, ವಿಮಾನವೂ ಸಿಗಲಿಲ್ಲ. ಚಿತ್ರವನ್ನು ಅವರಿಗೆ ಅರ್ಪಿಸಿದ್ದಾರೆ. ಬಾಡಿಗೆ ಕ್ಯಾಸೆಟ್ಟಿನಲ್ಲಿ ಆ ಅರ್ಪಣೆಯ ಸಾಲನ್ನು ನಾವಾರೂ ಓದಿರಲಿಲ್ಲ.

ಚಿತ್ರ ತೆರೆಕಂಡದ್ದು 1986ರ ಮೇ 16ರಂದು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ ಅಮೆರಿಕದ ವಿಮಾನಗಳು ಲಿಬಿಯಾದ ಮೇಲೆ ಬಾಂಬು ಹಾಕಿದ್ದವು. ವಿಯೆಟ್ನಾಮಿನ ಸೋಲನ್ನು ಮರೆಯಲು ಆ ದೇಶ ಕಾತರಿಸುತ್ತಿದ್ದ ರೇಗನ್ ಯುಗ ಅದು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಗಳಿಸಿದ ಚಿತ್ರ ಅದೇ ಆಯಿತು. ಕೆಲವೆಡೆ ಚಿತ್ರಮಂದಿರದ ಬಾಗಿಲಲ್ಲೇ ನೌಕಾಪಡೆಯವರು ಮೇಜು ಹಾಕಿ ಭರ್ತಿಗೆ ಕುಳಿತರು. ನಿಜವಾದ ಶಾಲೆಯಲ್ಲಿ ಮಾತ್ರ ಚಿತ್ರದ ಸಂಭಾಷಣೆಯನ್ನು ಉದ್ಧರಿಸಿದವರಿಗೆ ಐದು ಡಾಲರ್ ದಂಡ! ಚಿತ್ರದಲ್ಲಿ ಎಲ್ಲರೂ ಹೊಡೆದಾಡುವ ಆ ಬಹುಮಾನದ ಫಲಕವೂ ಅಲ್ಲಿ ಇಲ್ಲ.

ಇನ್ನು ಆ ವಿಮಾನದ ಕಥೆ. ಎಫ್-14 ಟಾಮ್‌ಕ್ಯಾಟ್ ಮೊದಲು ಹಾರಿದ್ದು 1970ರ ಡಿಸೆಂಬರಿನಲ್ಲಿ. ವೇಗಕ್ಕೆ ತಕ್ಕಂತೆ ರೆಕ್ಕೆಗಳನ್ನು ಹಿಂದಕ್ಕೆ ಮಡಚಬಲ್ಲ, ನೂರೈವತ್ತು ಕಿಲೋಮೀಟರಿಗೂ ಆಚೆಯ ಗುರಿಗೆ ಕ್ಷಿಪಣಿ ಬಿಡಬಲ್ಲ ವಿಮಾನ. ಅದನ್ನು ತಯಾರಿಸಿದ ಗ್ರಮನ್ ಕಂಪನಿ ಎಪ್ಪತ್ತರ ದಶಕದ ನಡುವೆ ದಿವಾಳಿಯ ಅಂಚಿಗೆ ಬಂದಾಗ ಕೈಹಿಡಿದವರಲ್ಲಿ ಒಬ್ಬರು ಇರಾನಿನ ಷಾ. ಎಂಬತ್ತು ವಿಮಾನಗಳಿಗೆ ಬೇಡಿಕೆ ಕೊಟ್ಟರು. ಇರಾನಿನ ಬ್ಯಾಂಕೊಂದು ಕಂಪನಿಗೆ ಸಾಲವನ್ನೂ ಕೊಟ್ಟಿತು. ಎಪ್ಪತ್ತೊಂಬತ್ತು ತಲುಪಿದ ಮೇಲೆ, 1979ರಲ್ಲಿ ಕ್ರಾಂತಿಯಾಗಿ ಷಾ ಓಡಿಹೋದರು. ವಿಮಾನಗಳು ಅಲ್ಲೇ ಉಳಿದವು. ಅಮೆರಿಕವನ್ನು ಬಿಟ್ಟರೆ ಎಫ್-14 ಇಟ್ಟುಕೊಂಡ ಏಕೈಕ ದೇಶ ಅಮೆರಿಕದ ಕಡುವೈರಿಯಾಯಿತು.

1988ರ ಜುಲೈ 3, ಭಾನುವಾರ. ಹೊರ್ಮುಜ್ ಜಲಸಂಧಿಯಲ್ಲಿ ಅಮೆರಿಕದ ‘ವಿನ್ಸೆನ್ಸ್’ ಎಂಬ ಯುದ್ಧನೌಕೆ ಇರಾನಿನ ದೋಣಿಗಳೊಡನೆ ಗುಂಡಿನ ಚಕಮಕಿಯಲ್ಲಿತ್ತು. ಆಗ ಬಂದರ್ ಅಬ್ಬಾಸ್ ನಿಲ್ದಾಣದಿಂದ ಒಂದು ವಿಮಾನ ಮೇಲೆದ್ದಿತು. ಅತ್ಯಾಧುನಿಕ ರೆಡಾರಿನ ಮುಂದೆ ಕುಳಿತವರು ಅದನ್ನು ಎಫ್-14 ಎಂದು ಭಾವಿಸಿದರು. ತಮ್ಮ ಕಡೆಗೆ ಇಳಿದು ಬರುತ್ತಿದೆಯೆಂದು ಭಾವಿಸಿದರು. ಅದು ಇಳಿಯುತ್ತಿರಲಿಲ್ಲ, ಏರುತ್ತಿತ್ತು; ನಾಗರಿಕ ವಿಮಾನದ ಸಂಕೇತವನ್ನೇ ಬೀರುತ್ತಿತ್ತು; ನಿಗದಿಯಾದ ದಾರಿಯಲ್ಲೇ ದುಬೈಗೆ ಹೊರಟಿತ್ತು. ಎರಡು ಕ್ಷಿಪಣಿಗಳು ಹೊರಟವು. ಇರಾನ್ ಏರ್ 655ರಲ್ಲಿದ್ದ 290 ಮಂದಿಯೂ ಸತ್ತರು. ಅವರಲ್ಲಿ 66 ಮಕ್ಕಳು. ಹತ್ತು ಮಂದಿ ನಮ್ಮ ದೇಶದವರು.

ನಮ್ಮ ತಂಗಿಯ ಗಂಡ ಆಗ ದುಬೈಯಲ್ಲಿದ್ದರು. ಕರಾವಳಿಯ ಯಾವ ಮನೆಯವರು ಆಗ ಅಲ್ಲಿರಲಿಲ್ಲ! ಭಾವನವರಿಗೆ ಕೆಲಸದ ಮೇಲೆ ಆಗಾಗ ಬಂದರ್ ಅಬ್ಬಾಸಿಗೆ ಹೋಗಿಬರುವುದಿತ್ತು. ಆ ಸಂಜೆ ರೇಡಿಯೋದಲ್ಲಿ ಸುದ್ದಿ ಕೇಳಿದೊಡನೆ ತಂಗಿ ಮಗನನ್ನು ಕಟ್ಟಿಕೊಂಡು ಡೊಂಬಿವಲಿಯಿಂದ ನಮ್ಮ ಮನೆಗೆ ಬಂದಳು. ಕಟ್ಟಡದಲ್ಲಿ ಫೋನು ಇದ್ದುದು ನಮ್ಮ ಪಕ್ಕದ ಮನೆಯಲ್ಲಿ. ರಾತ್ರಿಯೆಲ್ಲ ಕರೆ ಸಿಗಲಿಲ್ಲ. ತಂಗಿ ಅಳಲೂ ಇಲ್ಲ, ಮಲಗಲೂ ಇಲ್ಲ. ಬೆಳಿಗ್ಗೆ ಎಂದಿನಂತೆ ಅಕ್ಕಿ ತೊಳೆದಿಟ್ಟಳು. ಮರುದಿನ ಮಧ್ಯಾಹ್ನ ಲೈನು ಸಿಕ್ಕಿತು. ಭಾವನವರು ಆ ವಾರ ಹೋಗಿರಲೇ ಇಲ್ಲ. ನಮ್ಮ ಪಾಲಿಗೆ ಅದು ಹದಿನೆಂಟು ಗಂಟೆಗಳ ಭಯ. ಆ ಭಯ ನಿಜವೇ ಆಗಿಹೋದ ಮನೆಗಳೂ ಇದ್ದವು.

ವಿನ್ಸೆನ್ಸ್ ಆ ಹೊತ್ತಿಗೆ ಇರಾನಿನ ಜಲಪ್ರದೇಶದೊಳಗೇ ಇತ್ತೆಂಬುದನ್ನು ಅಮೆರಿಕ ಬಹಳ ತಡವಾಗಿ ಒಪ್ಪಿತು. ಹಡಗಿನ ಕ್ಯಾಪ್ಟನ್ ತಮ್ಮ ಸೇವಾವಧಿಗಾಗಿ ‘ಲೀಜನ್ ಆಫ್ ಮೆರಿಟ್’ ಪದಕ ಪಡೆದರು. 1996ರಲ್ಲಿ, ಹೊಣೆ ಒಪ್ಪಿಕೊಳ್ಳದೆಯೇ, ಸತ್ತವರ ಕುಟುಂಬಗಳಿಗೆ 6 ಕೋಟಿ 18 ಲಕ್ಷ ಡಾಲರ್ ಕೊಡಲು ಅಮೆರಿಕ ಒಪ್ಪಿತು. ಚಿತ್ರದಲ್ಲಿ ಶತ್ರುವನ್ನು ನಾಯಕ ಕಣ್ಣಿನಿಂದ ಕಾಣುತ್ತಾನೆ, ಗಾಜಿನಾಚೆ ಅವನ ಶಿರಸ್ತ್ರಾಣವೂ ಕಾಣುತ್ತದೆ. ಹೊರ್ಮುಜಿನಲ್ಲಿ ಕಂಡದ್ದು ಪರದೆಯ ಮೇಲಿನ ಒಂದು ಚುಕ್ಕೆ. ಆ ಚುಕ್ಕೆಗೆ ಎಫ್-14 ಎಂಬ ಹೆಸರು ಎಷ್ಟು ಬೇಗ ಅಂಟಿಕೊಂಡಿತೆಂಬುದನ್ನು ನಾವು ಇಂದಿಗೂ ನೆನೆಯುತ್ತೇವೆ. ಚಿತ್ರವೇ ಕಾರಣವೆಂದು ಹೇಳುವಷ್ಟು ನಾವು ಮೂಢರಲ್ಲ. ಆದರೆ ಆ ರಾತ್ರಿಯ ಮೇಲೆ ಆ ಕ್ಯಾಸೆಟ್ಟನ್ನು ಮತ್ತೆ ತರಿಸುವ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಎರಡನೆಯ ಭಾಗಕ್ಕೆ ಇಷ್ಟು ಕಾಲ ಏಕೆ ಹಿಡಿಯಿತು? ಯುದ್ಧದ ಜಾಹೀರಾತಾಗುವುದು ತನಗೆ ಬೇಡವೆಂದು ಟಾಮ್ ಕ್ರೂಸರೇ ಬಹುಕಾಲ ಹಿಂದೆ ಸರಿದಿದ್ದರು. 1991ರಲ್ಲಿ ಲಾಸ್ ವೇಗಾಸಿನಲ್ಲಿ ನಡೆದ ನೌಕಾ ವೈಮಾನಿಕರ ‘ಟೇಲ್‌ಹುಕ್’ ಸಮ್ಮೇಳನದಲ್ಲಿ ಎಂಬತ್ತಕ್ಕೂ ಹೆಚ್ಚು ಹೆಂಗಸರ ಮೇಲೆ ಕೈಹಾಕಿದ ಪ್ರಕರಣದಿಂದ ನೌಕಾಪಡೆಯ ಮಾನ ಬೀದಿಗೆ ಬಂದಿತ್ತು. ಉಡಾಳ ವೈಮಾನಿಕರ ಕಥೆ ಆಗ ಯಾರಿಗೂ ರುಚಿಸುವಂತಿರಲಿಲ್ಲ. 1996ರಲ್ಲಿ ಶಾಲೆ ಮಿರಮಾರ್ ಬಿಟ್ಟು ನೆವಾಡಾದ ಮರುಭೂಮಿಯ ಫ್ಯಾಲನ್‌ಗೆ ಹೋಯಿತು. 2006ರಲ್ಲಿ ಎಫ್-14 ನಿವೃತ್ತವಾಯಿತು. ಮತ್ತೆ ಮಾತು ಚಿಗುರಿದ ಹೊತ್ತಿಗೆ, 2012ರ ಆಗಸ್ಟಿನಲ್ಲಿ, ಟೋನಿ ಸ್ಕಾಟ್ ಲಾಸ್ ಏಂಜಲೀಸಿನ ಬಂದರಿನ ಸೇತುವೆಯೊಂದರಿಂದ ಹಾರಿ ಪ್ರಾಣ ಕಳೆದುಕೊಂಡರು. ಕೊನೆಗೆ ಜೋಸೆಫ್ ಕೊಸಿನ್‌ಸ್ಕಿ ನಿರ್ದೇಶಿಸಿದರು. 2018-19ರಲ್ಲಿ ಚಿತ್ರೀಕರಣ ಮುಗಿದು, 2020ರ ಜೂನಿಗೆ ಬಿಡುಗಡೆಯೆಂದು ಸಾರಿದ ಮೇಲೆ ಕೋವಿಡ್ ಬಂತು. ಮನೆಯ ಟಿ.ವಿ.ಗೆ ಮಾರಿಬಿಡದೆ ಎರಡು ವರ್ಷ ಚಿತ್ರವನ್ನು ಡಬ್ಬಿಯಲ್ಲೇ ಕಾದಿರಿಸಿ, 2022ರ ಮೇ ಕೊನೆಯಲ್ಲಿ ಚಿತ್ರಮಂದಿರಗಳಿಗೇ ತಂದರು. ಸುಮಾರು 149 ಕೋಟಿ ಡಾಲರ್ ಬಂತು. ಟೋನಿ ಸ್ಕಾಟರಿಗೆ ಚಿತ್ರವನ್ನು ಅರ್ಪಿಸಿದ್ದಾರೆ. ಈ ಸಲ ನಾವು ಆ ಸಾಲನ್ನು ಓದಿದೆವು.

ಚಿತ್ರ ಹೇಗಿದೆ? ಮುಚ್ಚುಮರೆಯೇಕೆ, ಚೆನ್ನಾಗಿದೆ. ಹಳೆಯದಕ್ಕಿಂತ ಚೆನ್ನಾಗಿದೆ. ನಾಯಕ ಮ್ಯಾವರಿಕ್ ಮುದುಕನಾಗುತ್ತ ಬಂದರೂ ಬಡ್ತಿ ಸಿಗದ ಕ್ಯಾಪ್ಟನ್. ತನ್ನ ಜೊತೆ ಹಾರುವಾಗ ಸತ್ತ ಗೆಳೆಯನ ಮಗನಿಗೇ (ಮೈಲ್ಸ್ ಟೆಲ್ಲರ್) ಈಗ ಪಾಠ ಹೇಳಿ, ಸಾವಿನ ಬಾಯಿಗೆ ಕಳುಹಿಸಬೇಕು. ಈ ಎಳೆಯೊಂದು ಇಡೀ ಚಿತ್ರವನ್ನು ಹಿಡಿದು ನಿಲ್ಲಿಸಿದೆ. ನಟರನ್ನು ನಿಜವಾದ ಸೂಪರ್ ಹಾರ್ನೆಟ್ ವಿಮಾನಗಳ ಹಿಂದಿನ ಸೀಟಿನಲ್ಲಿ ಕೂರಿಸಿ, ಮುಂದೆ ನೌಕಾಪಡೆಯ ವೈಮಾನಿಕರು ಹಾರಿಸಿದರು. ಕಾಕ್‌ಪಿಟ್ಟಿನಲ್ಲಿ ಆರು ಕ್ಯಾಮರಾ. ಗಂಟೆಗೆ 11,374 ಡಾಲರ್ ಬಾಡಿಗೆ. ತಿರುವಿನಲ್ಲಿ ಮೈಭಾರ ಏಳೆಂಟು ಪಟ್ಟಾಗಿ ಕೆನ್ನೆ ಜೋಲುವುದು ನಟನೆಯಲ್ಲ. ಯಂತ್ರದಲ್ಲಿ ಬಿಡಿಸಿದ ಚಿತ್ರಗಳ ಈ ಕಾಲದಲ್ಲಿ ಕಣ್ಣಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಮೋನಿಕಾ ಬಾರ್ಬರೋ ಅಭಿನಯದ ವೈಮಾನಿಕೆಯೊಬ್ಬಳು ತಂಡದಲ್ಲಿದ್ದಾಳೆ. ಅಮೆರಿಕದಲ್ಲಿ ಹೆಂಗಸರು ಯುದ್ಧವಿಮಾನ ಹಾರಿಸಲು ಅಪ್ಪಣೆಯಾದದ್ದು 1993ರಲ್ಲಿ. ಅವಳನ್ನು ನೋಡಿ ಯಾರೂ ಹಾಡು ಹೇಳುವುದಿಲ್ಲ, ಅಷ್ಟರ ಮಟ್ಟಿಗೆ ಕಾಲ ಮುಂದೆ ಬಂದಿದೆ.

ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟದ್ದು ವಿಮಾನವಿಲ್ಲದ ಒಂದು ದೃಶ್ಯ. ಹಳೆಯ ಪ್ರತಿಸ್ಪರ್ಧಿ ಐಸ್‌ಮ್ಯಾನ್ ಈಗ ಅಡ್ಮಿರಲ್. ಪಾತ್ರ ವಹಿಸಿದ ವ್ಯಾಲ್ ಕಿಲ್ಮರ್ ಗಂಟಲಿನ ಕ್ಯಾನ್ಸರಿನಿಂದ ನಿಜವಾಗಿಯೂ ದನಿ ಕಳೆದುಕೊಂಡಿದ್ದರು. ಅದನ್ನೇ ಕಥೆಗೆ ತಂದು, ಆತ ಮಾತನ್ನು ಟೈಪು ಮಾಡಿ ತೋರಿಸುವಂತೆ ಮಾಡಿದ್ದಾರೆ. ಆಮೇಲೆ ಎದ್ದು ನಿಂತು ಒಡೆದ ದನಿಯಲ್ಲಿ ಎರಡು ಮಾತಾಡುತ್ತಾರೆ. ಇಬ್ಬರು ಗಂಡಸರು ತಬ್ಬಿಕೊಳ್ಳುತ್ತಾರೆ. ಪಕ್ಕದಲ್ಲಿ ನಮ್ಮ ಸೋದರಳಿಯ ಕನ್ನಡಕ ಒರೆಸಿಕೊಳ್ಳುತ್ತಿದ್ದ. 2025ರ ಏಪ್ರಿಲ್ 1ರಂದು ಕಿಲ್ಮರ್ ತೀರಿಕೊಂಡರು.

ಕಥೆಯ ಉಳಿದ ಭಾಗದ ಬಗ್ಗೆ ನಮಗೆ ತಕರಾರಿದೆ. ಹೆಸರಿಲ್ಲದ ಶತ್ರುದೇಶ; ಬೆಟ್ಟದಡಿ ಯುರೇನಿಯಂ ಕಾರ್ಖಾನೆ; ಕಣಿವೆಯಲ್ಲಿ ತಗ್ಗಿಹಾರಿ ಬಾಂಬು ಹಾಕಿ ಬರಬೇಕು. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಬ್ರಿಟಿಷರು ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ಕಥೆಯ ಅಚ್ಚೇ ಇದು. ಅದು 1955ರಲ್ಲೇ ಚಿತ್ರವಾಗಿತ್ತು. ಅಲ್ಲಿ ಶತ್ರುವಿಗೆ ಹೆಸರಿತ್ತು. ಇಲ್ಲಿ ಹೆಸರೂ ಇಲ್ಲ, ಮುಖವೂ ಇಲ್ಲ. ಯಾವ ಮಾರುಕಟ್ಟೆಯೂ ಕೈತಪ್ಪಬಾರದೆಂಬ ವ್ಯಾಪಾರಬುದ್ಧಿ ಎಂದು ಕಾಣುತ್ತದೆ. ಆದರೆ ಆ ಶತ್ರುವಿನ ನೆಲೆಯಲ್ಲಿ ಎಫ್-14 ವಿಮಾನವೊಂದು ನಿಂತಿದೆ, ನಾಯಕ ಅದನ್ನೇ ಕದ್ದು ಪಾರಾಗುತ್ತಾನೆ! ಎಫ್-14 ಇರುವ ಪರದೇಶ ಒಂದೇ ಎಂದು ಮೇಲೆ ಹೇಳಿದ್ದೇವೆ. ಹೆಸರು ಮುಚ್ಚಿಟ್ಟು ವಿಳಾಸ ಬರೆದಂತಾಯಿತು.

ಒಂದು ಮಾತು ನಮ್ಮ ಕಡೆಯದು. ಚಿತ್ರ ಬಿಡುಗಡೆಯಾದ ಹೊತ್ತಿನಲ್ಲೇ, 2022ರ ಮೇ-ಜೂನ್‌ನಲ್ಲಿ, ಎರಡು ನಿಜವಾದ ಸೂಪರ್ ಹಾರ್ನೆಟ್ಟುಗಳು ಗೋವೆಯ ಐಎನ್‌ಎಸ್ ಹಂಸಾ ನೆಲೆಯಲ್ಲಿ ನಮ್ಮ ನೌಕಾಪಡೆಯ ಮುಂದೆ ಪರೀಕ್ಷೆ ಕೊಡುತ್ತಿದ್ದವು. ಅಮೆರಿಕದ ಹಡಗಿನಿಂದ ವಿಮಾನವನ್ನು ಕವಣೆಯಂಥ ಯಂತ್ರ ಎಸೆಯುತ್ತದೆ. ನಮ್ಮ ಹಡಗುಗಳಲ್ಲಿ ಅದಿಲ್ಲ, ಮುಂಭಾಗ ಇಳಿಜಾರಾಗಿ ಮೇಲೆದ್ದಿರುತ್ತದೆ, ವಿಮಾನ ಸ್ವಂತ ಬಲದಿಂದ ಓಡಿ ಹಾರಬೇಕು. ಕಾರವಾರದಲ್ಲಿ ನೆಲೆಸಿರುವ ‘ವಿಕ್ರಮಾದಿತ್ಯ’ ಹೀಗೆಯೇ. ಮುಂಬಯಿಯಲ್ಲಿ ಮಕ್ಕಳ ಕೈಹಿಡಿದು ನಾವು ನೋಡಿಬರುತ್ತಿದ್ದ ಹಳೆಯ ‘ವಿಕ್ರಾಂತ’ಕ್ಕೆ ಮೊದಲು ಉಗಿಯ ಕವಣೆ ಇತ್ತು, 1971ರಲ್ಲಿ ಸೀ ಹಾಕ್ ವಿಮಾನಗಳನ್ನು ಕಾಕ್ಸ್ ಬಜಾರ್, ಚಿತ್ತಗಾಂಗಿನ ಮೇಲೆ ಕಳಿಸಿದ್ದು ಅದರಿಂದಲೇ. ಹಾರ್ನೆಟ್ಟು ಪರೀಕ್ಷೆ ಮುಗಿಸಿಕೊಂಡು ಹಿಂದಿರುಗಿತು. 2025ರ ಏಪ್ರಿಲ್‌ನಲ್ಲಿ ನಮ್ಮ ಸರಕಾರ ಒಪ್ಪಂದ ಮಾಡಿಕೊಂಡದ್ದು ಫ್ರಾನ್ಸಿನ 26 ರಫೇಲ್‌ಗಳಿಗೆ.

ಎಫ್-14ರ ಕೊನೆಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಬಿಡಿಭಾಗಗಳು ಹೇಗಾದರೂ ಇರಾನ್ ಸೇರಿಯಾವೆಂಬ ಹೆದರಿಕೆಯಿಂದ ಅಮೆರಿಕ ತನ್ನ ನಿವೃತ್ತ ಟಾಮ್‌ಕ್ಯಾಟ್‌ಗಳನ್ನು ಯಂತ್ರಕ್ಕೆ ಕೊಟ್ಟು ಚೂರುಚೂರು ಮಾಡಿಸಿತು. ಉಳಿದವು ವಸ್ತುಸಂಗ್ರಹಾಲಯಗಳಲ್ಲಿವೆ. ಚಿತ್ರಕ್ಕೂ ಹಾಗೆ ಒಂದನ್ನು ಕೇಳಿ ತಂದದ್ದೇ. ಅದು ಹಾರುವ ಸ್ಥಿತಿಯಲ್ಲಿರಲಿಲ್ಲ. 2025ರ ಜೂನ್ 22ರಂದು ಇರಾನಿನ ಬೆಟ್ಟದಡಿಯ ಫೋರ್ಡೋ ಮತ್ತು ನತಾಂಜ್ ಯುರೇನಿಯಂ ಕಾರ್ಖಾನೆಗಳ ಮೇಲೆ ಅಮೆರಿಕ ನಿಜವಾಗಿಯೇ ಬಾಂಬು ಹಾಕಿತು. ಕಣಿವೆಯಲ್ಲಿ ನುಸುಳಿದ ನಾಯಕರಾರೂ ಇರಲಿಲ್ಲ. ಏಳು ಬಿ-2 ವಿಮಾನಗಳು ಮಿಸ್ಸೂರಿಯಿಂದ ಹೊರಟು, ಸುಮಾರು ಮೂವತ್ತೇಳು ಗಂಟೆ ಹಾರಿ, ತಲಾ ಹದಿಮೂರೂವರೆ ಟನ್ನಿಗೂ ಮೀರಿದ ಹದಿನಾಲ್ಕು ಬಾಂಬುಗಳನ್ನು ಬಲು ಎತ್ತರದಿಂದ ಬಿಟ್ಟು ಹಿಂದಿರುಗಿದವು.

ಅದಕ್ಕೆ ಕೆಲವು ದಿನ ಮುಂಚೆ, ಟೆಹರಾನಿನ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಎರಡು ಎಫ್-14ಗಳನ್ನು ಹೊಡೆದೆವೆಂದು ಇಸ್ರೇಲ್ ಒಂದು ಚಿತ್ರತುಣುಕನ್ನು ಬಿಡುಗಡೆ ಮಾಡಿತ್ತು. ಕೆಲವೇ ಸೆಕೆಂಡುಗಳದು, ಮೇಲಿನಿಂದ ತೆಗೆದದ್ದು, ಬಣ್ಣವಿಲ್ಲ, ಶಬ್ದವಿಲ್ಲ. ಸೋದರಳಿಯ ಅದನ್ನು ಫೋನಿನಲ್ಲಿ ಕಳಿಸಿ, ಹಿಂದೆಯೇ ಕರೆ ಮಾಡಿದ.

“ಮಾವ, ಇದೇ ಅಲ್ಲವಾ ನಾನು ಹಟ ಮಾಡಿ ಎರಡು ಸಲ ನೋಡಿದ್ದು?”

ಹೌದೆಂದೆವು. ಅಪ್ಪನಿಗೂ ಕಳಿಸಿದೆಯಾ ಎಂದು ಕೇಳಿದೆವು. ಇಲ್ಲವೆಂದ.